ಒಳಗೆ ಬಿಟ್ಟ ಬಟ್ಟೆ

ಲೋಕಿಕೆರೆ ರಸ್ತೆಯ ನನ್ನ ವೆಲ್ಡಿಂಗ್ ಶೆಡ್ಡಿನಲ್ಲಿ
ಎಲ್ಲಿಗೂ ಹೋಗದ ಒಂದು ಕಾರು ಕಟ್ಟಿದೆ.
ಗುಜರಿಯಿಂದ ತಂದ ಆಮ್ನಿಯ ಸೀಟು,
ಲಾರಿಯ ವೈಪರ್ ಮೋಟರು ಎರಡು,
ಅಡಿಯಲ್ಲಿ, ಸೊಂಟದ ಕೀಲಿನ ಹಾಗೆ,
ಜೀಪಿನ ಶಾಫ್ಟಿನಿಂದ ಬಿಚ್ಚಿದ ಕ್ರಾಸು.
ಎದುರಿಗೆ ಟೀವಿ. ಅದರೊಳಗೆ ರಸ್ತೆ.
ರಸ್ತೆ ಎಡಕ್ಕೆ ತಿರುಗಿದರೆ ಸೀಟು ಬಲಕ್ಕೆ ವಾಲಬೇಕು,
ಬ್ರೇಕು ಒತ್ತಿದರೆ ಮುಂದಕ್ಕೆ ಮುಗ್ಗರಿಸಬೇಕು,
ಇದೆಲ್ಲ ಸುಳ್ಳೆಂದು ಹೊಟ್ಟೆಗೆ ಗೊತ್ತಾಗಬಾರದು.

ಮೊದಲು ನನ್ನ ಅಳತೆಗೆ ಕಟ್ಟಿದ್ದೆ.
ಐದಡಿ ನಾಲ್ಕಿಂಚು, ಐವತ್ತೊಂಬತ್ತು ಕೆಜಿ.
ನಾನು ಕೂತರೆ ಬೆಣ್ಣೆ.

ಕೆಂಚವೀರಪ್ಪ ಬಂದ, ಹದಿನಾರು ಗಾಲಿಯ ಲಾರಿಯವನು.
ಮೆಕ್ಕೆಜೋಳದ ಕಾಟಾದ ಮೇಲೆ ನಿಂತು ತೂಗಿಸಿಕೊಂಡೇ ಬಂದಿದ್ದ:
ನೂರ ಹದಿನಾಲ್ಕು.
ಮೊದಲ ತಿರುವಿನಲ್ಲಿ ವಾಲಿದ ಸೀಟು ಮೇಲೇಳಲಿಲ್ಲ.
ಮೋಟರು ನರಳಿತು, ಸುಟ್ಟ ವಾರ್ನಿಷಿನ ವಾಸನೆ.
‘ನಮ್ಮ ಲಾರಿನೇ ವಾಸಿ ಕಣವ್ವಾ,
ನಿನ್ನ ತೂಕ ಎಷ್ಟಪ್ಪಾ ಅಂತ ಕೇಳಲ್ಲ ಅದು’ ಅಂದ,
ಹಾಗೇ ಓರೆಯಾಗಿ ಕೂತು.

ಸಂಜೆಗೆ ಆಫ್ರೀನ್, ಮಂಡಕ್ಕಿ ಭಟ್ಟಿಯವರ ಮೊಮ್ಮಗಳು,
ಒಂಬತ್ತು ವರ್ಷ, ಇಪ್ಪತ್ತೈದು ಕೆಜಿ.
ಕಾಲು ಪೆಡಲಿಗೆ ಒಂದು ಗೇಣು ಮೊಟಕು.
ಸೀಟಿನ ತುದಿಗೆ ಜಾರಿ, ತುದಿಬೆರಳಲ್ಲಿ ಹೇಗೋ ಒತ್ತಿದಳು.
ಅದೇ ಮೋಟರು ಅವಳನ್ನು
ಕಾದ ಮರಳಿಗೆ ಬಿದ್ದ ಅಕ್ಕಿಯ ಹಾಗೆ ಸಿಡಿಸಿತು.
ಬಿದ್ದು, ಎದ್ದು, ನಕ್ಕಳು.
ನಾನು ನಗಲಿಲ್ಲ. ಆ ರಾತ್ರಿಯೇ
ಕೆಂಪು ಗುಂಡಿಯೊಂದನ್ನು ಕೂರಿಸಿದೆ, ಒತ್ತಿದರೆ ಎಲ್ಲ ನಿಲ್ಲುವಂಥದ್ದು.

ಆಮೇಲೆ ಗೋಡೆಯ ಮೇಲೆ ಸೀಮೆಸುಣ್ಣದ ಲೆಕ್ಕ.
ಮೂವರನ್ನೂ ಕೂಡಿಸಿ ಮೂರರಿಂದ ಭಾಗಿಸಿದೆ: ಅರವತ್ತಾರು.
ಆ ಅರವತ್ತಾರಕ್ಕೆ ಎಲ್ಲ ಬಿಗಿ ಮಾಡಿದೆ.
ಈಗ ಮೂವರಿಗೂ ಆಗಿಬರಲಿಲ್ಲ.

ಬುತ್ತಿ ತಂದ ಅಪ್ಪ ಗೋಡೆ ನೋಡಿದ.
ಚೌಕಿಪೇಟೆಯಲ್ಲಿ ನಲವತ್ತೊಂದು ವರ್ಷ ಹೊಲಿದವನು,
ಅಂಗಡಿ ಬಿಟ್ಟರೂ ಕೊರಳಿನ ಟೇಪು ಬಿಟ್ಟಿಲ್ಲ.
‘ಸರಾಸರಿಗೆ ಯಾರಾದರೂ ಅಂಗಿ ಹೊಲೀತಾರೇನೇ?
ಬೆಳೆಯೋ ಕೂಸಿಗೆ ಒಳಗೆ ಎರಡಿಂಚು ಬಟ್ಟೆ ಬಿಡಬೇಕು.
ಬಿಚ್ಚೋಕೆ ಬರೋ ಹೊಲಿಗೆ ಹಾಕು.’
ಕೆಂಚವೀರಪ್ಪನನ್ನು ನಿಲ್ಲಿಸಿ ಅಳೆದ,
ಕುಂಡಿಯಿಂದ ಮಂಡಿ, ಮಂಡಿಯಿಂದ ಹಿಮ್ಮಡಿ.
ನಾನು ಪುಸ್ತಕದಲ್ಲಿ ಹುಡುಕುತ್ತಿದ್ದ ಭಾರದ ಬಿಂದುವನ್ನು
ಹೆಬ್ಬೆರಳಲ್ಲಿ ಒತ್ತಿ ತೋರಿಸಿದ: ಹೊಕ್ಕುಳ ಕೆಳಗೆ ಎರಡು ಬೆರಳು.
‘ಪ್ಯಾಂಟು ನಿಲ್ಲೋದೂ ಇಲ್ಲೇ’ ಅಂದ.

ಸೀಟಿನಡಿ ಹಳಿ, ಹಳಿಗೆ ಹನ್ನೊಂದು ತೂತು,
ಪೆಡಲಿನ ಹಲಗೆಗೆ ಒಂಬತ್ತು,
ಏರಿಸಲು ಇಳಿಸಲು ಹಳೇ ಜಾಕಿ,
ಮೋಟರಿನ ಭಾರ ಹಂಚಿಕೊಳ್ಳಲು ಲೂನಾದ ಸ್ಪ್ರಿಂಗುಗಳು,
ಕೂಸಿಗೆ ಒಂದು, ನನಗೆ ಎರಡು, ಕೆಂಚವೀರಪ್ಪನಿಗೆ ನಾಲ್ಕು.
ಪಿನ್ನು ತೆಗಿ, ಸರಿಸು, ಪಿನ್ನು ಹಾಕು.

ಕೊನೆಗೆ ಅಪ್ಪನನ್ನೇ ಕೂರಿಸಿದೆ. ಆರನೇ ತೂತು.
ಕಾರು ಮುಟ್ಟಿದವನಲ್ಲ. ಪೆಡಲೆಂದರೆ ಅವನಿಗೆ ಒಂದೇ:
ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು.
ಹಾಗೇ ತುಳಿದ. ಕಾರು
ಹೊಲಿಗೆ ಹೊಲಿಗೆಯಾಗಿ ರಸ್ತೆ ಹಿಡಿಯಿತು.
ನೇರದಲ್ಲಿ ಎಲ್ಲರೂ ಅವನನ್ನು ದಾಟಿ ಹೋದರು.
ತಿರುವು ಬಂದಾಗ ಮಾತ್ರ,
ಕಂಕುಳ ಸುತ್ತು ಹೊಲಿಯುವವನ ಹಾಗೆ,
ಬಲಗೈ ಗಾಲಿಗೆ ಕೊಟ್ಟು, ಉಸಿರು ಹಿಡಿದು,
ರಸ್ತೆಯನ್ನೇ ಮೆಲ್ಲಗೆ ಸೂಜಿಯಡಿ ತಿರುಗಿಸಿದ.
ಎಲ್ಲೂ ಗೋಡೆಗೆ ತಾಗಲಿಲ್ಲ.
ಹದಿನಾಲ್ಕನೆಯವನಾಗಿ ಮುಗಿಸಿದ. ಇದ್ದದ್ದು ಹದಿನಾಲ್ಕೇ ಕಾರು.
‘ದಾರ ಮುಗೀತು’ ಅಂತ ಇಳಿದು ಬುತ್ತಿ ಬಿಚ್ಚಿದ.

ಅವನು ಕೂತಾಗ ಮಾತ್ರ ಸೀಟು ಕಿರ್ರೆನ್ನುತ್ತದೆ.
ಗ್ರೀಸು ಹಚ್ಚಿದೆ, ಬುಶ್ಶು ಬದಲಿಸಿದೆ, ಹೋಗಿಲ್ಲ.
ಆಫ್ರೀನ್ ಮೊನ್ನೆ ಎರಡನೇ ತೂತಿನಿಂದ ಮೂರಕ್ಕೆ ಹೋದಳು,
ಪಿನ್ನು ತಾನೇ ಕಿತ್ತು,
ನನ್ನನ್ನು ಕೇಳದೆ.