ಮುಂದೆ ಬಿಚ್ಚುವವನು

ಗೋಣಿಕೊಪ್ಪಲು ಬಸ್‌ಸ್ಟ್ಯಾಂಡಿನ ಹಿಂದೆ
ಕರಿಮೆಣಸಿನ ಮಂಡಿಯ ಮೇಲ್ಮಹಡಿ.
ಮೆಟ್ಟಿಲು ಮುಗಿಯುವಷ್ಟರಲ್ಲಿ ಎರಡು ಸೀನು.
ಡಾಕ್ಟರ್ ಬೋಜಮ್ಮನವರ ಕಣ್ಣಿನ ಆಸ್ಪತ್ರೆಗೆ
ಒಂದು ಕತ್ತಲೆ ಕೋಣೆ ಬೇಕಂತೆ.
ಪೂರಾ ಕತ್ತಲೆಯಲ್ಲ,
ಫೋನಿನ ಮೇಲೆ ಬೆರಳು ಎಳೆದಷ್ಟು ಕತ್ತಲೆ.

ಆ ಬೆರಳಿನ ಹಿಂದಿರುವ ಕೆಲಸ ಮೊಯ್ದು ಇಕ್ಕನದು,
ಟಾರ್ಚು ಹಿಡಿಯುವುದು ನನ್ನದು.
ಐಟಿಐ ಎರಡನೇ ವರ್ಷ,
ಬ್ಯಾಚಿಗೆಲ್ಲ ಒಬ್ಬಳೇ ಹುಡುಗಿ.

ಹಳೆಯ ಸ್ವಿಚ್ಚು ತೆಳ್ಳಗಿತ್ತು.
ಟಕ್ ಅಂದರೆ ಹೌದು, ಟಕ್ ಅಂದರೆ ಇಲ್ಲ.
ಈ ಡಿಮ್ಮರಿಗೆ ದೊಡ್ಡ ಹೊಟ್ಟೆ:
ಹೌದು ಇಲ್ಲಗಳ ನಡುವಿನದೆಲ್ಲ
ಅದರೊಳಗೇ ಇರಬೇಕಲ್ಲ.
ಗೋಡೆಯ ಡಬ್ಬದಲ್ಲಿ ನೋಡಿದರೆ
ಹಿಂದಿನ ಯಾವನೋ ಉದ್ದ ಬಿಟ್ಟ ತಂತಿ,
ಮೂಲೆಯಲ್ಲಿ ಕಣಜದ ಹುಳು ಕಟ್ಟಿ ಬಿಟ್ಟುಹೋದ
ಮಣ್ಣಿನ ಗೂಡು.

ಪ್ಲೇಟು ಕೂರುವುದಿಲ್ಲ.
ಎಡಮೂಲೆ ಒತ್ತಿದರೆ ಬಲಮೂಲೆ ಏಳುತ್ತದೆ,
ಮದುವೆ ಮಂಟಪದ ಮಡಚುವ ಮೇಜಿನ ಹಾಗೆ.
ಗೂಡು ಕೆರೆದೆ.
ಕೊಡವತಿಯರ ಸೀರೆಯಲ್ಲಿ ನೆರಿಗೆ ಹಿಂದಕ್ಕಲ್ಲವೆ,
ಹಾಗೆ ತಂತಿಗಳ ನೆರಿಗೆ ಹಿಡಿದು
ಡಿಮ್ಮರಿನ ಬೆನ್ನ ಹಿಂದೆ ಸಿಕ್ಕಿಸಿದೆ.
ಈಗ ಕೂತೀತು.

ಸ್ಕ್ರೂ ಮಾತ್ರ ಇಕ್ಕನೇ ಬಿಗಿಯಬೇಕು.
ಅದರ ತಲೆಯ ಗೀಟು ನೆಟ್ಟಗೆ ನಿಲ್ಲಬೇಕು,
ಗಡಿಯಾರದಲ್ಲಿ ಆರು ಗಂಟೆಯ ಹಾಗೆ.
"ಮೇಲೆ ಪ್ಲೇಟು ಮುಚ್ಚುತ್ತದಲ್ಲ, ಯಾರು ನೋಡ್ತಾರೆ?"
ಸೇರಿದ ವಾರವೇ ಕೇಳಿದ್ದೆ.
"ಮುಂದೆ ಬಿಚ್ಚುವವನು" ಅಂದಿದ್ದ.

ಇವತ್ತು ಇಕ್ಕ ಸ್ಕ್ರೂವಿನ ತಲೆಯನ್ನು
ಹೆಬ್ಬೆರಳಿನಲ್ಲಿ ಹುಡುಕಿದ.
ಮುಖ ಹಿಂದೆ ಸರಿಸಿದ, ಇನ್ನೂ ಹಿಂದೆ.
ಡ್ರೈವರ್ ಜಾರಿತು.
ಹೊಸ ಬಣ್ಣದ ಮೇಲೆ ಅರ್ಧ ಇಂಚು ಗೀರು.
"ಪೇಂಟು ಸರಿಯಿಲ್ಲ" ಅಂದ.
"ಸರಿಯಿಲ್ಲ" ಅಂದೆ.
ಟಾರ್ಚು ಅವನ ಕೈಯ ಮೇಲೇ ಇತ್ತು, ಅಲುಗಿಸಿರಲಿಲ್ಲ ನಾನು.

ಒಂದು ಸ್ಕ್ರೂ ಆರು ಗಂಟೆ.
ಇನ್ನೊಂದು, ನಾಲ್ಕೂ ಇಪ್ಪತ್ತು.
ಅವನು ಮೇನ್ ಹಾಕಲು ಕೆಳಗಿಳಿದಾಗ
ಕಾಲು ಸುತ್ತಿಗೂ ಕಡಿಮೆ ತಿರುಗಿಸಿ
ಪ್ಲೇಟು ಒತ್ತಿದೆ. ಟಕ್.

ಬೋಜಮ್ಮ ಬಂದು ಬೆರಳು ಎಳೆದರು.
ಟ್ಯೂಬಿನಂಥ ಬಿಳಿ ಇಳಿದು ಇಳಿದು
ಕಿತ್ತಳೆ ತೊಳೆಯ ಬಣ್ಣಕ್ಕೆ ನಿಂತಿತು.
ಕೆಳಗೆ ಮಂಡಿಯಲ್ಲಿ ಯಾರೋ ತೂಕದ ಲೆಕ್ಕ ಕೂಗುತ್ತಿದ್ದರು,
ಮೂವತ್ತೆಂಟು, ಮೂವತ್ತೆಂಟೂವರೆ.
"ಕುರ್ಚಿಯಲ್ಲಿ ಕೂತು ನೋಡಿ, ಬೆಳಕು ಹೇಗಿದೆ ಹೇಳಿ."
ಇಕ್ಕ ಕೂತ. "ಬೆಳಕು ಪಾಡಾಗಿದೆ."
"ಸ್ವಲ್ಪ ಏರಿಸ್ತೇನೆ, ಇದನ್ನೊಂಚೂರು ಓದಿ."
ಅಂಗೈಯಗಲದ ಚೀಟಿ.
ಠ ಇದ್ದಲ್ಲಿ ರ ಅಂದ, ಈ ಇದ್ದಲ್ಲೂ ರ.
ಕೈ ಚಾಚಿದ, ಇನ್ನೂ ಚಾಚಿದ,
ಕೊನೆಗೆ ಕೈಯೇ ಸಾಲದೆ ಹೋಯಿತು.

ಡಾಕ್ಟರು ಗೋಡೆಯ ಗೀರು ನೋಡಿದರು.
ಏನೂ ಅನ್ನಲಿಲ್ಲ.
ಬರೆಯತೊಡಗಿದರು.

ಬಾಕಿ ದುಡ್ಡಿಗೆ ಹೋದದ್ದು ಮುಂದಿನ ಗುರುವಾರ.
ಇಕ್ಕನ ಕೊರಳಲ್ಲಿ ನೂಲು, ನೂಲಲ್ಲಿ ಕನ್ನಡಕ.
ದುಡ್ಡು ಎಣಿಸುವ ಮೊದಲೇ
ಪ್ಲೇಟಿನ ಅಂಚಿಗೆ ಡ್ರೈವರ್ ತುದಿ ಕೊಟ್ಟು ಎಬ್ಬಿದ,
ಕನ್ನಡಕ ಏರಿಸಿ ಬಗ್ಗಿದ.
ಆರು ಗಂಟೆ. ಆರು ಗಂಟೆ.
ಬಹಳ ಹೊತ್ತು ನೋಡಿದ.
ನನ್ನ ಕಡೆಯೂ ನೋಡಿದ, ಗಾಜಿನಲ್ಲಿ ಕಣ್ಣು ದೊಡ್ಡದಾಗಿ.

"ಮೂಲೆಯಲ್ಲಿ ಮಣ್ಣು ಉಳಿದಿದೆ" ಅಂದ,
"ಸರಿಯಾಗಿ ಕೆರೆದಿಲ್ಲ ನೀನು."