ಪೆನ್ಸಿಲ್ಲಿನಲ್ಲಿ ಬರೆದ ಜುಲೈ

ಮಾರ್ಚ್ ತಿಂಗಳ ರಾತ್ರಿ. ಈಸಾಫ್ಯೋರ್ದುರಿನಲ್ಲಿ ನಮ್ಮ ಅಡುಗೆಮನೆ.
ನಕ್ಷೆಯ ನಾಲ್ಕು ಮೂಲೆಗೆ ನಾಲ್ಕು ಭಾರ:
ಸಕ್ಕರೆ ಡಬ್ಬಿ, ಕಾಫಿ ಫ್ಲಾಸ್ಕು, ಹ್ಯಾಲ್ಟಿಯ ಮೊಬೈಲು,
ನಾಲ್ಕನೆಯದಕ್ಕೆ ಸ್ಟೇನುನ್ ಅತ್ತೆಯ ಮೊಣಕೈ.
ಹೊರಗೆ ಹಿಮ ಅಡ್ಡಡ್ಡ ಬೀಳುತ್ತಿದೆ,
ಮೇಲಿಂದ ಬೀಳುವ ತಾಳ್ಮೆ ಇಲ್ಲಿಯ ಹಿಮಕ್ಕಿಲ್ಲ.

ಪರ್ಯಾಯ ದ್ವೀಪ ಎನ್ನುತ್ತದೆ ಭೂಗೋಳದ ಪುಸ್ತಕ.
ನೆಲಕ್ಕೆ ಅಂಟಿಕೊಂಡಿದೆ ಎಂಬುದೇನೋ ನಿಜ,
ಎರಡೇ ಹೊಲಿಗೆಯಲ್ಲಿ ನೇತಾಡುವ ಅಂಗಿತೋಳಿನ ಹಾಗೆ.
ರಸ್ತೆ ಇಲ್ಲ. ಅಂಗಡಿ ಇಲ್ಲ. ಮರ ಕೂಡ ಇಲ್ಲ.
ಚಳಿಗಾಲಕ್ಕೆ ನರಿಗಳನ್ನು ಬಿಟ್ಟರೆ ಒಬ್ಬರೂ ಇಲ್ಲ.

ದೋಣಿ ಜುಲೈ ಹದಿನೆಂಟಕ್ಕೆ, ಬೆಳಿಗ್ಗೆ ಒಂಬತ್ತು.
ಒಡ್‌ಗೇರ್ ಫೋನಿನಲ್ಲಿ ಹೇಳಿದ್ದು ಇಷ್ಟೇ:
"ಅಲೆ ಬಿಟ್ಟರೆ ಇಳಿಸುತ್ತೇನೆ. ಬಿಡದಿದ್ದರೆ ತೋರಿಸಿ ತರುತ್ತೇನೆ."
ಅದಕ್ಕೇ ಹ್ಯಾಲ್ಟಿ ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ಬರೆಯುತ್ತಾನೆ.
ಒಂದು ವರ್ಷ ಮಂಜು. ಒಂದು ವರ್ಷ ಅತ್ತೆಯ ಸೊಂಟ.
ಒಂದು ವರ್ಷ ಹೊರಟೇಬಿಟ್ಟೆವು; ಒಡ್‌ಗೇರನ ಅಪ್ಪ ತೋರಿಸಿ ತಂದ.

ಓಟ್ಸು ಮೂರು ಕಿಲೋ. ಒಣಮೀನು.
ಒಣಮೀನಿಗೆ ಎಷ್ಟು ಬೆಣ್ಣೆ ಎಂಬಲ್ಲಿ ಸಣ್ಣ ಜಗಳ.
ಟಾರ್ಚು ಬೇಡ, ಜುಲೈಯಲ್ಲಿ ಅಲ್ಲಿ ಸೂರ್ಯ
ಕಡಲಲ್ಲಿ ಕಾಲು ತೋಯಿಸಿಕೊಂಡು ಹಾಗೇ ಎದ್ದುಬಿಡುತ್ತಾನೆ.
ಕಟ್ಟಿಗೆಯೂ ಬೇಡ. ಸೈಬೀರಿಯದ ನದಿಗಳಲ್ಲಿ
ತಪ್ಪಿಸಿಕೊಂಡ ದಿಮ್ಮಿಗಳು, ವರ್ಷಗಟ್ಟಲೆ
ಮಂಜುಗಡ್ಡೆಯ ಮೇಲೆ ಸವಾರಿ ಮಾಡಿ, ಉಪ್ಪು ಕುಡಿದು, ಬೆಳ್ಳಗಾಗಿ
ಆ ಕೊಲ್ಲಿಗೆ ಬಂದು ಮಲಗುತ್ತವೆ.

ಈ ಮೇಜೂ ಅಂಥದೇ ಒಂದು ದಿಮ್ಮಿ.
ಊರು ಬಿಟ್ಟ ದಿನ ಎಲ್ಲರೂ ಕುರಿ ಹತ್ತಿಸಿದರು, ಹಾಸಿಗೆ ಹತ್ತಿಸಿದರು;
ಅಜ್ಜ ದೋಣಿಯಲ್ಲಿ ಮೇಜನ್ನು ತಲೆಕೆಳಗಿಟ್ಟು
ನಾಲ್ಕು ಕಾಲುಗಳ ನಡುವೆ ಮಕ್ಕಳನ್ನು ಕೂರಿಸಿದನಂತೆ.

ಕೊಲ್ಲಿ ಇರುವುದು ಸರಿಯಾಗಿ ನಕ್ಷೆಯ ಮಡಿಕೆಯ ಮೇಲೆ.
ಹದಿನೇಳು ಚಳಿಗಾಲ ಬಿಚ್ಚಿ ಮಡಿಸಿ, ಬಿಚ್ಚಿ ಮಡಿಸಿ
ಅಲ್ಲೊಂದು ತೂತು ಬಿದ್ದಿದೆ, ಕೋಟಿನ ಗುಂಡಿಯಷ್ಟು.
"ಮನೆ ಎಲ್ಲಿತ್ತು?" ಪ್ರತಿ ವರ್ಷ ಕೇಳುತ್ತೇನೆ.
ಅತ್ತೆ ಬೆರಳು ತೂರಿಸಿ ಮೇಜಿನ ಮರ ಮುಟ್ಟುತ್ತಾಳೆ.
"ಇಲ್ಲಿ."

ಕಷ್ಟ ಇರುವುದು ಮೂಗುಬಂಡೆಯ ಹತ್ತಿರ.
ದೋಣಿ ಇಳಿಸುವ ಕಡೆಯಿಂದ ಮನೆಗೆ ಅದನ್ನೇ ಸುತ್ತಿ ಹೋಗಬೇಕು.
ಎಡಕ್ಕೆ ಕಡಿದಾದ ಕಲ್ಲು, ಬಲಕ್ಕೆ ಕಡಲು,
ಇಳಿತದ ಹೊತ್ತು ನಲವತ್ತು ನಿಮಿಷ ಮಾತ್ರ ಅದು ದಾರಿ.
ಹ್ಯಾಲ್ಟಿ ಉಬ್ಬರವಿಳಿತದ ಪಟ್ಟಿಯ ಮೇಲೆ ಸ್ಕೇಲು ಇಟ್ಟು
ಮಗುವಿನ ಜ್ವರ ನೋಡುವವನ ದನಿಯಲ್ಲಿ ಓದುತ್ತಾನೆ:
ಹನ್ನೊಂದು ಇಪ್ಪತ್ತು.
"ಪಾಚಿ ಇರುತ್ತದೆ. ಎಲ್ಲಿ ಕಾಲಿಡಬೇಕು ಅಂತ
ನಿನಗೆ ನೆನಪಿದೆಯಲ್ಲ, ಅತ್ತೆ?"
ಹದಿನೇಳು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

ಅತ್ತೆ ಕಾಫಿಗೆ ಸಕ್ಕರೆ ಹಾಕಿಕೊಂಡಳು.
ಹಾಕಿದ್ದಕ್ಕೇ ಇನ್ನೊಮ್ಮೆ ಹಾಕಿಕೊಂಡಳು.
ಡಬ್ಬಿ ಎತ್ತಿದ್ದಕ್ಕೆ ಆ ಮೂಲೆ ಸುರುಳಿ ಸುತ್ತಿಕೊಂಡಿತು.
"ನೆನಪಿಲ್ಲ. ನಾನು ಅದನ್ನು ನೋಡಿಯೇ ಇಲ್ಲ."

ಶಾಲೆಗೆ, ಇಗರ್ಜಿಗೆ, ಊರು ಬಿಟ್ಟ ದಿನ ಕೂಡ
ಅಪ್ಪ ಹೆಗಲ ಮೇಲೆ ಹೊತ್ತು ದಾಟಿಸುತ್ತಿದ್ದ.
ಬಂಡೆ ಹತ್ತಿರ ಬಂದ ಕೂಡಲೇ,
ಸ್ಟೇನಾ, ಕಣ್ಣು ಮುಚ್ಚು.
ಅವನ ಕೂದಲಿಗೆ ಒದ್ದೆ ಉಣ್ಣೆಯ ವಾಸನೆ.
ಕೆಳಗೆ ಏನೋ ದೊಡ್ಡದು ಉಸಿರಾಡುತ್ತಿತ್ತು.
ತೆರೆ ಅನ್ನುವಷ್ಟರಲ್ಲಿ ಬಂಡೆ ಹಿಂದೆ ಹೋಗಿರುತ್ತಿತ್ತು.
"ಒಂಬತ್ತು ವರ್ಷ. ಒಂದು ಸಲವೂ
ರೆಪ್ಪೆ ಸಂದಿಯಿಂದ ಇಣುಕಲಿಲ್ಲ ನಾನು, ಪೆದ್ದಿ."

ಹ್ಯಾಲ್ಟಿ ಹಗ್ಗ ಎಂದು ಬರೆದ.
ಹಗ್ಗದ ಮುಂದೆ ಎಷ್ಟು ಮೀಟರು ಎಂದು ಬರೆಯದೆ ಸುಮ್ಮನೆ ಕೂತ.
ಅತ್ತೆ ಪೆನ್ಸಿಲ್ಲು ಕಸಿದುಕೊಂಡು, ಬೆಣ್ಣೆಯ ಕೆಳಗೆ,
ತನ್ನ ನೆಟ್ಟನೆಯ ಶಾಲೆಯ ಅಕ್ಷರದಲ್ಲಿ ಬರೆದಳು:
ಹೊಸ ಕನ್ನಡಕ. ಏಪ್ರಿಲ್ ಒಳಗೆ.
ಆಮೇಲೆ ನನ್ನ ಕಡೆ ತಿರುಗಿ,
"ಬೆಣ್ಣೆ ಎರಡು ಕಿಲೋ.
ಒಂದು ಸಾಲದು, ಆಗಲೇ ಹೇಳಿದೆನಲ್ಲ."