ಸೊನ್ನೆ ಮತ್ತು ಅಡ್ಡಗೆರೆ

ಕೊಮಾಕ್ಯೊದ ತೂಕದ ಕಟ್ಟೆಯ ಮೇಲೆ
ನೆರೀನಾ ಫೆಲ್ಲೆತ್ತಿ ಹಾಳೆ ಹರವಿದ್ದಾಳೆ,
ಗಾಳಿಗೆ ಹಾರದಂತೆ ಪ್ರತಿಯೊಂದರ ಮೇಲೂ
ಹಳೆಯ ತಕ್ಕಡಿಯ ಒಂದು ಬಟ್ಟು.
ಬಟ್ಟುಗಳಿಗೆ ಈಗ ಅದೊಂದೇ ಕೆಲಸ.

ಪೋರ್ಚುಗಲ್, ಫ್ರಾನ್ಸ್, ಐರ್ಲೆಂಡ್, ಡೆನ್ಮಾರ್ಕ್,
ಅಂಚಿನಲ್ಲಿ ತುನೀಸಿಯಾ, ಈಜಿಪ್ಟು.
ಹಿಡಿದ ಹಾವುಮೀನೆಷ್ಟು, ಮಾರಿದ್ದೆಷ್ಟು, ವರ್ಷವಾರು.
ಮೇಲೆ ಮೈತುಂಬಿಕೊಂಡಿದ್ದ ಅಂಕಿಗಳು
ಇಳಿಯುತ್ತ ಇಳಿಯುತ್ತ ಸೊರಗುತ್ತವೆ,
ಬೇಸಿಗೆಯ ಕಾಲುವೆಯಂತೆ
ನಡುವಲ್ಲಿ ಮಾತ್ರ ನೀರು.

"ಇಲ್ಲಿ ನೋಡು," ಉಗುರಿನಿಂದ ಒತ್ತುತ್ತಾಳೆ,
"ಒಂದೇ ವರ್ಷದಲ್ಲಿ ಮೂರು ಪಟ್ಟು.
ಮೀನು ಬಂದದ್ದಲ್ಲ.
ಲೆಕ್ಕ ಬರೆಯುವವನು ಬಂದ."

ಮೀನಿಗೆ ಈ ಗೆರೆಗಳ ಗೊಡವೆಯಿಲ್ಲ.
ಸಾರ್ಗಾಸೊ ಕಡಲಿನ, ಯಾರೂ ಬಾಣಂತನ ಮಾಡದ ಆಳದಲ್ಲಿ
ಹುಟ್ಟಿ, ಎಲೆಯಷ್ಟು ತೆಳ್ಳಗೆ ತೇಲಿ ಬಂದು
ಸಿಕ್ಕ ಹೊಳೆ ಹತ್ತುತ್ತದೆ,
ಲ್ವಾರ್ ಆದರೂ ಸೈ, ಪೋ ಆದರೂ ಸೈ.
ಗಾಜಿನಂಥ ಮರಿಯಾಗಿದ್ದಾಗ ಒಬ್ಬ ಬಾಚಿದರೆ
ಕಿಲೋಗೆ ಮೂರು ಸಾವಿರ ಜೀವ.
ಹತ್ತಾರು ವರ್ಷ ಬಿಟ್ಟು ಇನ್ನೊಬ್ಬ ಹಿಡಿದರೆ
ಎರಡೋ ಮೂರೋ.
ಹಾಳೆಯಲ್ಲಿ ಅದೂ ಕಿಲೋ, ಇದೂ ಕಿಲೋ.

ಅಪ್ಪ ಒತ್ತೊರೀನೊ ಬಿಟ್ಟುಹೋದ ಪುಸ್ತಕವೂ ಇದೆ,
ಉಪ್ಪುನೀರು ಕುಡಿದು ಉಬ್ಬಿದ್ದು.
ನವೆಂಬರಿನ ಅಮಾವಾಸ್ಯೆ, ಬಿರುಗಾಳಿ,
ಬೆಳ್ಳಿಹೊಟ್ಟೆಯ ಮೀನು ಕಡಲಿಗೆ ಹೊರಡುವ ಇರುಳು,
ಜೊಂಡಿನ ಬೋನಿನಲ್ಲಿ ನೀರು ಕೊತಕೊತ ಕುದಿಯಿತಂತೆ.
ಆ ದಿನದ ಪುಟದಲ್ಲಿ ಅಂಕಿಯೇ ಇಲ್ಲ.
"ತೂಗಲು ಕೈಗೆ ಬಿಡುವಿಲ್ಲ."
ಅಷ್ಟೇ ಬರೆದಿದ್ದಾನೆ.

ನಿಯಮ ಹೀಗಿದೆ: ಬೋನು ಇಟ್ಟೂ ಸಿಗದಿದ್ದರೆ ಸೊನ್ನೆ,
ತೂಗದೆ ಬಿಟ್ಟಿದ್ದರೆ ಅಡ್ಡಗೆರೆ.
ಹಾಗಾಗಿ ಆ ಕುದಿವ ಇರುಳಿಗೆ
ಮಗಳು ಒಂದು ಅಡ್ಡಗೆರೆ ಎಳೆದಳು,
ಸ್ಕೇಲು ಇಟ್ಟು, ನೇರವಾಗಿ.

ನಮ್ಮ ಕಡೆ ಸೊನ್ನೆಗೆ ಪೂಜ್ಯ ಅಂತಲೂ ಅನ್ನುತ್ತಾರೆ,
ಕೈಮುಗಿಸಿಕೊಳ್ಳುವ ಹಿರಿಯರಿಗೂ ಅದೇ ಮಾತು, ಎಂದೆ.
ನಗಲಿಲ್ಲ. ಪೆನ್ಸಿಲ್ ಕಚ್ಚಿಕೊಂಡು
"ಹಾಗಾದರೆ ಈ ವರ್ಷದ ಹಾಳೆಯಲ್ಲಿ
ಹಿರಿಯರೇ ಹೆಚ್ಚು" ಎಂದಳು.

ಅಷ್ಟರಲ್ಲಿ ಜೆಲಿಂದೊ ಬಂದ, ಬಕೆಟ್ಟಿನ ತಳದಲ್ಲಿ
ಸುರುಳಿ ಸುತ್ತಿ ಒಂದೇ ಒಂದು.
ಹಾಳೆ ಮೇಲಿನ ಬಟ್ಟು ತೆಗೆದು ತಕ್ಕಡಿಗೆ ಹಾಕಿದರು.
ಏಳುನೂರು ಗ್ರಾಂ.
"ಹಾಳೆ ಕೇಳುವುದು ಟನ್ನಿನಲ್ಲಿ," ನೆರೀನಾ ಎಂದಳು,
"ಅಲ್ಲಿ ಇದೂ ಪೂಜ್ಯವೇ."

ಜೆಲಿಂದೊಗೆ ಮಾತು ತಿಳಿಯಲಿಲ್ಲ. ಅವಳ ಮುಖ ನೋಡಿದ,
ಬಕೆಟ್ಟು ಎತ್ತಿಕೊಂಡು
ಬೋನಿನ ಆಚೆಗೆ, ಕಡಲಿನ ಕಡೆಗೆ ನಡೆದ.
ತೂಗಿಯೂ ಬಿಟ್ಟ ಮೀನಿಗೆ ಏನು ಬರೆಯಬೇಕೆಂದು
ನಿಯಮದಲ್ಲಿ ಇಲ್ಲ.

ಬಟ್ಟು ತೆಗೆದ ಹಾಳೆ ಅಷ್ಟರಲ್ಲಿ ಹಾರಿತ್ತು.
ಈಜಿಪ್ಟು. ಓಡಿ ಹಿಡಿದೆವು.
ಅವಳ ಒದ್ದೆ ಹೆಬ್ಬೆರಳು ತಾಗಿ
ಎರಡು ವರ್ಷ ಕಲಸಿಹೋದವು.